ಬೂದಿಗೆ ಬೇಕಾದ ಮನೆ

ಮಾರ್ಚ್ 14, 2026, ಶನಿವಾರ

ದೊಡ್ಡಮ್ಮನ ಬೆಕ್ಕು ಬೂದಿಗೆ ಹೊಸ ಮನೆ ಹುಡುಕುತ್ತಿದ್ದೇವೆ. ಬೆಳಿಗ್ಗೆ ಬಂದ ಫೋನಿನಲ್ಲೂ ಮೊದಲ ಪ್ರಶ್ನೆ ಅದರ ವಯಸ್ಸೇ. 12 ಎಂದೆ. "ಅಯ್ಯೋ, ಮುದಿ ಬೆಕ್ಕಾ? ಮಕ್ಕಳು ಮರಿ ಬೇಕೆನ್ನುತ್ತಿದ್ದಾರೆ" ಎಂದು ಫೋನ್ ಇಟ್ಟರು. ಕೆಟ್ಟ ಮಾತೇನೂ ಆಡಲಿಲ್ಲ, ಆದರೂ ಮಧ್ಯಾಹ್ನದವರೆಗೆ ನನ್ನ ಸಿಟ್ಟು ಇಳಿಯಲಿಲ್ಲ. ಮನೆಯೊಳಗೇ ಬೆಳೆದ ಬೆಕ್ಕು 15 ವರ್ಷ ದಾಟುವುದು ಅಪರೂಪವಲ್ಲ, 20 ಕಂಡವೂ ಇವೆ. ಮರಿ ದೊಡ್ಡದಾದ ಮೇಲೆ ಎಂಥ ಸ್ವಭಾವದ್ದಾಗುತ್ತದೆಂದು ಯಾರು ಹೇಳಬಲ್ಲರು? ಬೂದಿಯ ಗುಣವೆಲ್ಲ ಗೊತ್ತಿರುವುದೇ. ಪರದೆ ಹರಿಯುವುದಿಲ್ಲ, ಬಂದವರನ್ನು ಪರಚುವುದಿಲ್ಲ, ಬಿಸಿಲು ಬೀಳುವ ಒಂದು ಕಿಟಕಿ ಸಿಕ್ಕರೆ ಸಾಕು.

ಯಾರನ್ನೂ ದೂರುವಂತಿಲ್ಲ ಎಂಬುದೇ ಹೆಚ್ಚು ಕಷ್ಟ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ದೊಡ್ಡಮ್ಮ ಒಬ್ಬರೇ ಇರಲಾರರು, ಅಣ್ಣನ ಮನೆಗೇ ಹೋಗಬೇಕು. ಅಲ್ಲಿ ಪುಟ್ಟಿಗೆ ಬೆಕ್ಕು ಹತ್ತಿರ ಬಂದರೆ ಉಬ್ಬಸ. ಕೂದಲು ಕತ್ತರಿಸಿದರೆ ಆಗುವುದಿಲ್ಲವೇ ಎಂದು ಅತ್ತಿಗೆ ಪಾಪ ಆಸೆಯಿಂದ ಕೇಳಿದ್ದರು. ಅಲರ್ಜಿ ತರುವುದು ಬೆಕ್ಕಿನ ಜೊಲ್ಲಿನಲ್ಲೂ ಚರ್ಮದಲ್ಲೂ ಇರುವ ಪ್ರೋಟೀನ್, ಕೂದಲು ಅದನ್ನು ಹೊತ್ತು ತಿರುಗುತ್ತದೆ ಅಷ್ಟೆ. ನನ್ನ ಮನೆಗೆ ತರೋಣವೆಂದರೆ ನಮ್ಮ ನಾಯಿ ರಾಜ, ಬೆಕ್ಕಿನ ನೆರಳು ಕಂಡರೂ ಅಟ್ಟಿಸಿಕೊಂಡು ಹೋಗುತ್ತಾನೆ.

ಸಂಜೆ ಬೂದಿಯನ್ನು ನೋಡಲು ಒಬ್ಬ ನಿವೃತ್ತ ಮೇಷ್ಟರಮ್ಮ ಬಂದರು. ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕುಳಿತರು. ಬೂದಿಯನ್ನು ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ. ದೊಡ್ಡಮ್ಮನನ್ನು ಕೇಳಿದ ಮೊದಲ ಮಾತು, "ಈಚೆಗೆ ನೀರು ಜಾಸ್ತಿ ಕುಡಿಯುತ್ತಾಳೆಯೇ?"

ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಬೂದಿಯ ರಕ್ತಪರೀಕ್ಷೆಯ ವರದಿಯನ್ನು ಮೇಷ್ಟರಮ್ಮನ ಮುಂದಿಟ್ಟೆ. ಮೂತ್ರಪಿಂಡ ಸ್ವಲ್ಪ ಸೋತಿದೆ, ವಯಸ್ಸಾದ ಬೆಕ್ಕುಗಳಲ್ಲಿ ಹೀಗಾಗುವುದು ಹೆಚ್ಚು, ಡಾಕ್ಟರು ಬೇರೆ ಆಹಾರ ಬರೆದುಕೊಟ್ಟಿದ್ದಾರೆ. ಇದನ್ನು ಈಗಲೇ ಏಕೆ ಹೇಳಬೇಕು ಎಂದಿದ್ದವರುಂಟು. ಹೇಳದೆ ಕೊಟ್ಟರೆ ಕಾಯಿಲೆಯ ದಿನ ಬೂದಿ ಮತ್ತೆ ಬೀದಿಗೆ ಬೀಳುತ್ತದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಮ್ಮ ಹಿಂದಿನವನಿಗೂ ಇದೇ ಇತ್ತು, ನೋಡಿಕೊಂಡಿದ್ದೇನೆ" ಎಂದರು.

"ರಾತ್ರಿ ಒಮ್ಮೊಮ್ಮೆ ಕೂಗುತ್ತಾಳೆ," ಎಂದರು ದೊಡ್ಡಮ್ಮ.

"ಕೂಗಲಿ ಬಿಡಿ. ನನಗೂ ನಿದ್ದೆ ಕಡಿಮೆ."

ಅಲ್ಲಿಂದ ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಮೊದಲು ಒಂದೇ ಕೋಣೆಯಲ್ಲಿ ಇರಲಿ, ಮನೆಯೆಲ್ಲ ಆಮೇಲೆ. ಇಲ್ಲಿನ ಹಾಸಿಗೆಯನ್ನು ಒಗೆಯದೆ ಕೊಡಿ, ಅವಳದೇ ವಾಸನೆ ಇರಬೇಕು. ಕೀಲು ನೋವಿದ್ದರೆ ಮರಳಿನ ಟ್ರೇಯ ಅಂಚು ತಗ್ಗಾಗಿರಬೇಕು. ಮಂಚದ ಕೆಳಗೆ ಅಡಗಿದರೆ ಎಳೆಯುವುದಿಲ್ಲ, ಆದರೆ ಒಂದು ದಿನ ಪೂರ್ತಿ ಊಟ ಬಿಟ್ಟರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ ಎಂದರು. ಅದು ಸರಿಯಾದ ಮಾತು. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರಬಹುದು. ಬೂದಿ ತಾನಾಗಿ ಬಂದು ಅವರ ಚೀಲವನ್ನು ಮೂಸಿ ಕೆನ್ನೆ ಉಜ್ಜಿತು. ನನ್ನ ಗಂಟಲು ಕಟ್ಟಿತು.

ಅವರು ಹೊರಡುವಾಗ ದೊಡ್ಡಮ್ಮ ಬಾಗಿಲು ಹಿಡಿದುಕೊಂಡು, "ನಾನು ನೋಡಲು ಬರಬಹುದೇ?" ಎಂದು ಕೇಳಿದರು. "ಅವಳು ಹೊಂದಿಕೊಳ್ಳಲಿ, ನಾನೇ ಕರೆಯುತ್ತೇನೆ. ಅಲ್ಲಿಯವರೆಗೆ ದಿನಾ ಫೋಟೊ ಕಳಿಸುತ್ತೇನೆ" ಎಂದರು. ದೊಡ್ಡಮ್ಮ ತಲೆಯಾಡಿಸಿದರು. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ, "ಆ ಫೋಟೊ ನೋಡುವುದು ಹೇಗೆಂದು ನನಗೆ ಸರಿಯಾಗಿ ಕಲಿಸು" ಎಂದರು.

ನಾಳೆಯೇ ಬೆಕ್ಕಿನ ಬುಟ್ಟಿಯನ್ನು ಅಟ್ಟದಿಂದ ಇಳಿಸಿ ಬಾಗಿಲು ತೆರೆದು ಇಡಬೇಕು, ಹೋಗುವ ದಿನಕ್ಕೆ ಅದರ ಭಯ ಹೋಗಿರಲಿ. ಲಸಿಕೆಯ ಪುಸ್ತಕ ಹುಡುಕಬೇಕು. ಬುಟ್ಟಿಯನ್ನು ದೊಡ್ಡಮ್ಮನ ಕೋಣೆಯಲ್ಲಿ ಇಡುವುದೋ ಹಜಾರದಲ್ಲೋ? ಬೂದಿ ಮಲಗುವುದು ಕೋಣೆಯಲ್ಲೇ, ಆದರೆ ಅಲ್ಲಿಟ್ಟರೆ ದೊಡ್ಡಮ್ಮ ದಿನವಿಡೀ ಅದನ್ನೇ ನೋಡುತ್ತಾ...