ಮೊದಲು ತೊಳೆಯಿರಿ, ಆಮೇಲೆ ಸ್ಕ್ರೂ ಮುಟ್ಟಿ: ಹಳೇ ಸ್ಲಾಟ್ ಮೆಷಿನ್ ರಿಪೇರಿಯಲ್ಲಿ ಕಲಿತದ್ದು

ಶಿಕಾಗೋ ಊರಾಚೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ನಾಣ್ಯ ಹಾಕಿ ಆಡುವ ಹಳೇ ಯಂತ್ರಗಳನ್ನು ರಿಪೇರಿ ಮಾಡುತ್ತೇವೆ. ಅದರಲ್ಲೂ ಕರೆಂಟೇ ಬೇಡದ, ಬರೀ ಸ್ಪ್ರಿಂಗು, ಸನ್ನೆ, ಹಲ್ಲುಚಕ್ರಗಳಿಂದ ನಡೆಯುವ ಸ್ಲಾಟ್ ಮೆಷಿನ್‌ಗಳೇ ಜಾಸ್ತಿ. ಬೆಂಗಳೂರಿನಲ್ಲಿದ್ದಾಗ ಚಿಕ್ಕಪೇಟೆಯ ಗಡಿಯಾರದ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದೆ. ಆ ಕಲಿಕೆ ಇಲ್ಲಿ ದಿನವೂ ಕೈ ಹಿಡಿಯುತ್ತಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಪೂರ್ತಿ ತೊಳೆದು ಒಣಗಿಸುವ ತನಕ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ, ಒಂದು ಸನ್ನೆ ಕೂಡ ಬಗ್ಗಿಸಬೇಡಿ.

ಕೇಳೋಕೆ ಸುಲಭ. ಪಾಲಿಸೋದು ಕಷ್ಟ. ಹಿಂದಿನ ಬಾಗಿಲು ತೆಗೆದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಯಾವ ಸನ್ನೆ ತಡವಾಗಿ ಬೀಳುತ್ತಿದೆ, ಯಾವ ಸ್ಪ್ರಿಂಗ್ ಸೋತಿದೆ ಅಂತ ಕಾಣುತ್ತದೆ. ಚಿಮಟದಲ್ಲಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸಿದರೆ ಆಗಲೇ ಸರಿ ಹೋಗುತ್ತದೆ. ಗಿರಾಕಿಗೂ ಖುಷಿ. ಆದರೆ ಅಲ್ಲಿ ರಿಪೇರಿ ಆಗಿರುವುದಿಲ್ಲ. ಕೊಳೆಗೆ ಹೊಂದುವ ಹಾಗೆ ಯಂತ್ರವನ್ನೇ ಬದಲಾಯಿಸಿರುತ್ತೇವೆ, ಅಷ್ಟೇ.

ಇದು ಯಾಕೆ ಅಂತ ಗೊತ್ತಾಗಬೇಕಾದರೆ ಯಂತ್ರ ನಡೆಯುವ ಬಗೆ ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚು ಬರುವುದು ಇದೇ ಶಿಕಾಗೋದಲ್ಲಿದ್ದ ಮಿಲ್ಸ್ ನಾವೆಲ್ಟಿ ಕಂಪನಿಯ ಯಂತ್ರಗಳು. ಮೂರು ರೀಲಿನ, ಅಂದರೆ ಸುತ್ತಲೂ ಚಿತ್ರಗಳಿರುವ ಮೂರು ತಿರುಗುವ ಚಕ್ರಗಳ, ಯಂತ್ರವನ್ನು ಗಟ್ಟಿಯಾಗಿ ನೆಲೆ ನಿಲ್ಲಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ. ಅವರ ಲಿಬರ್ಟಿ ಬೆಲ್ ಅನ್ನುವ ಯಂತ್ರ 19ನೇ ಶತಮಾನದ ಕೊನೆಯದು. 1906ರ ಭೂಕಂಪದಲ್ಲಿ ಅವರ ವರ್ಕ್‌ಶಾಪ್ ನಾಶವಾಯಿತು. ಮರುವರ್ಷ ಮಿಲ್ಸ್ ಅದೇ ಹೆಸರಿನಲ್ಲಿ ತನ್ನ ಯಂತ್ರ ಹೊರತಂದಿತು. 1930ರ ದಶಕಕ್ಕೆ ಬರುವಷ್ಟರಲ್ಲಿ ಈ ಯಂತ್ರ ಎಷ್ಟು ಪಳಗಿತ್ತು ಅಂದರೆ, ಆಗಿನ ಮಿಲ್ಸ್ ಒಂದನ್ನು ಚೆನ್ನಾಗಿ ಕಲಿತವರಿಗೆ ಉಳಿದವು ಹೆಚ್ಚು ಕಷ್ಟವಾಗುವುದಿಲ್ಲ.

ನಾಣ್ಯ ಹಾಕಿದರೆ ಹ್ಯಾಂಡಲ್‌ನ ತಡೆ ಬಿಡುತ್ತದೆ. ಹ್ಯಾಂಡಲ್ ಎಳೆದಾಗ ದೊಡ್ಡ ಸ್ಪ್ರಿಂಗ್ ಬಿಗಿಯುತ್ತದೆ, ರೀಲುಗಳನ್ನು ಹಿಡಿದಿದ್ದ ಸನ್ನೆಗಳು ಹಿಂದೆ ಸರಿಯುತ್ತವೆ. ಎಳೆತ ಮುಗಿಯುವ ಹೊತ್ತಿಗೆ ಕಿಕ್ಕರ್ ಅನ್ನುವ ಭಾಗ ಮೂರೂ ರೀಲನ್ನು ಒದೆಯುತ್ತದೆ. ಅಲ್ಲಿಂದ ರೀಲುಗಳು ತಮ್ಮ ಪಾಡಿಗೆ ತಿರುಗುತ್ತವೆ. ಅಷ್ಟರಲ್ಲಿ ಒಳಗೆ ಒಂದು ಪುಟ್ಟ ಗಡಿಯಾರ ಓಡಲು ಶುರು ಮಾಡಿರುತ್ತದೆ. ಅದಕ್ಕೆ ಮುಳ್ಳಿಲ್ಲ. ಕೆಲವು ಹಲ್ಲುಚಕ್ರ, ಕೊನೆಯಲ್ಲಿ ಗಾಳಿಯನ್ನು ಕಡೆಯುತ್ತ ವೇಗ ಹಿಡಿದಿಡುವ ಒಂದು ರೆಕ್ಕೆ. ಮೂರು ಸನ್ನೆಗಳನ್ನು ಒಂದಾದ ಮೇಲೊಂದು ಬಿಡುವುದು ಅದರ ಕೆಲಸ. ಪ್ರತಿ ರೀಲಿನ ಪಕ್ಕದಲ್ಲೂ 20 ಕಚ್ಚುಗಳ ನಕ್ಷತ್ರದಂಥ ಚಕ್ರ ಇರುತ್ತದೆ. ಸನ್ನೆ ಯಾವುದೋ ಒಂದು ಕಚ್ಚಿನಲ್ಲಿ ಬೀಳುತ್ತದೆ, ರೀಲ್ ನಿಲ್ಲುತ್ತದೆ. ಟಕ್, ಟಕ್, ಟಕ್. 20ರಂತೆ ಮೂರು ರೀಲು ಅಂದರೆ 8,000 ಜೋಡಣೆಗಳು.

ಆಮೇಲಿನದು ನನಗೆ ಬಹಳ ಇಷ್ಟವಾದ ಭಾಗ. ಸಾಲಿಗೆ ಬಂದ ಚಿತ್ರಗಳಿಂದ ಗೆದ್ದಿದ್ದೀರೋ ಇಲ್ಲವೋ ಅಂತ ಯಂತ್ರಕ್ಕೆ ಗೊತ್ತಾಗಬೇಕಲ್ವಾ? ರೀಲಿನ ಪಕ್ಕದ ತಗಡಿನ ಬಿಲ್ಲೆಗಳಲ್ಲಿ ಅಲ್ಲಲ್ಲಿ ತೂತುಗಳಿವೆ. ಮೂರೂ ರೀಲು ನಿಂತ ಮೇಲೆ ಬೆರಳಿನಂಥ ಕಡ್ಡಿಗಳು ಬಂದು ಬಿಲ್ಲೆಗಳನ್ನು ಮುಟ್ಟಿ ನೋಡುತ್ತವೆ. ತೂತು ಸಿಕ್ಕರೆ ಒಳಗೆ ಹೋಗುತ್ತವೆ, ಇಲ್ಲದಿದ್ದರೆ ತಡೆದು ನಿಲ್ಲುತ್ತವೆ. ಒಂದು ಬಹುಮಾನಕ್ಕೆ ಬೇಕಾದ ತೂತುಗಳೆಲ್ಲ ಒಟ್ಟಿಗೆ ಸಿಕ್ಕರೆ, ನಾಣ್ಯದ ಕೊಳವೆಯ ಕೆಳಗಿನ ತಗಡಿನ ಜಾರುಪಟ್ಟಿ ಸರಿಯುತ್ತದೆ, ಅದರಲ್ಲಿ ಕೂತ ನಾಣ್ಯಗಳು ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಲೆಕ್ಕ ಹಾಕುವುದು, ನೆನಪಿಡುವುದು, ತೀರ್ಮಾನ ಮಾಡುವುದು ಎಲ್ಲ ತಗಡಿನ ತೂತಿನಲ್ಲಿದೆ.

ಈಗ ಜಿಡ್ಡಿನ ವಿಷಯ. ಇಷ್ಟೂ ಭಾಗಗಳು ಸಣ್ಣ ಸ್ಪ್ರಿಂಗುಗಳ ಬಲದಿಂದ, ಹೊತ್ತಿಗೆ ಸರಿಯಾಗಿ ಚಲಿಸಬೇಕು. ಎಂಬತ್ತು ತೊಂಬತ್ತು ವರ್ಷದ ಎಣ್ಣೆ ಒಣಗಿ ವಾರ್ನಿಶ್ ಥರ ಅಂಟಾಗಿರುತ್ತದೆ. ಅದರ ಮೇಲೆ ಬಾರಿನ ಸಿಗರೇಟ್ ಹೊಗೆ, ಬಟ್ಟೆಯ ಎಳೆ, ನಾಣ್ಯದಿಂದ ಉದುರಿದ ಲೋಹದ ಪುಡಿ. ಎರಡನೇ ರೀಲಿನ ಸನ್ನೆ ತಡವಾಗಿ ಬಿದ್ದರೆ ಸ್ಪ್ರಿಂಗ್ ಸೋತಿದೆ ಅಂತ ಅನಿಸುವುದು ಸಹಜ. ಬಹುಪಾಲು ಸಲ ಸ್ಪ್ರಿಂಗ್ ಗಟ್ಟಿಯಾಗಿಯೇ ಇರುತ್ತದೆ, ಸನ್ನೆಯ ಕೀಲು ಅಂಟಿರುತ್ತದೆ. ಅಲ್ಲಿ ಸ್ಪ್ರಿಂಗನ್ನು ಕತ್ತರಿಸಿ ಬಿಗಿ ಮಾಡಿದರೆ ಇವತ್ತು ನಡೆಯುತ್ತದೆ. ಮುಂದೆ ಯಾರಾದರೂ ತೊಳೆದ ದಿನ ಅದೇ ಸನ್ನೆ ಜೋರಾಗಿ ಬಡಿದು ಕಚ್ಚುಗಳನ್ನು ತಿನ್ನಲು ಶುರು ಮಾಡುತ್ತದೆ.

ನಮ್ಮಲ್ಲಿಗೆ ಬಂದ ಒಂದು ವಾರ್ ಈಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಮಿಲ್ಸ್ 1931ರಲ್ಲಿ ತಂದ ಮಾದರಿ. ಮುಂಭಾಗದಲ್ಲಿ ರೆಕ್ಕೆ ಬಿಚ್ಚಿದ ಹದ್ದು, ಪಕ್ಕದಲ್ಲಿ ಓಕ್ ಮರ. ಗಿರಾಕಿಯ ದೂರು ಎರಡು. ಚೆರ್ರಿ ಹಣ್ಣಿನ ಚಿತ್ರ ಬಂದರೂ ಒಮ್ಮೊಮ್ಮೆ ನಾಣ್ಯ ಬೀಳುವುದಿಲ್ಲ. ರೀಲು ಪೂರ್ತಿ ಸುತ್ತುವ ಮೊದಲೇ ನಿಲ್ಲುತ್ತದೆ. ಹಿಂದೆ ಯಾರೋ ಕೈಯಾಡಿಸಿದ್ದು ಎದ್ದು ಕಾಣುತ್ತಿತ್ತು. ಬೆರಳು ಕಡ್ಡಿಯೊಂದರ ಮೇಲೆ ಇಕ್ಕಳದ ಹಲ್ಲಿನ ಗುರುತಿತ್ತು. ಒಳಗೆಲ್ಲ ಡಬ್ಬಿಯ ಸ್ಪ್ರೇ ಹೊಡೆದು ಹಳದಿ ಪದರ ಕಟ್ಟಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದ ದಿನ ಎಲ್ಲವೂ ಸರಾಗ ಅನಿಸುತ್ತದೆ. ಅದು ಹಳೇ ಜಿಡ್ಡನ್ನು ಕರಗಿಸಿ ಇನ್ನೂ ಒಳಗಿನ ಕೀಲಿಗೆ ಇಳಿಸುತ್ತದೆ, ಆಮೇಲೆ ತಾನೂ ಧೂಳು ಹಿಡಿದು ಕೂರುತ್ತದೆ.

ಏನನ್ನೂ ಸರಿ ಮಾಡಲು ಹೋಗದೆ ಪೂರ್ತಿ ಬಿಚ್ಚಿ ತೊಳೆದೆವು. ಜೋಡಿಸಿದಾಗ ರೀಲಿನ ದೂರು ತಾನಾಗಿ ಹೋಗಿತ್ತು. ಆದರೆ ಚೆರ್ರಿಯೇ ಬರದಿದ್ದಾಗಲೂ ಒಮ್ಮೊಮ್ಮೆ ನಾಣ್ಯ ಬೀಳುತ್ತಿತ್ತು. ಜಿಡ್ಡಿದ್ದಾಗ ಹಿಂದೆ ಉಳಿಯುತ್ತಿದ್ದ ಕಡ್ಡಿಯನ್ನು ಯಾರೋ ಮುಂದಕ್ಕೆ ಬಗ್ಗಿಸಿದ್ದರು. ಜಿಡ್ಡು ಹೋದ ಮೇಲೆ ಆ ಬಾಗು ಮಾತ್ರ ಉಳಿಯಿತು. ಬಿಲ್ಲೆಯ ತೂತಿಗೆ ಹಿಡಿದು ನೋಡುತ್ತ ಅದನ್ನು ನೆಟ್ಟಗೆ ಮಾಡಿದ ಮೇಲೆ ಎಲ್ಲವೂ ಸರಿಯಾಯಿತು. ಅಸಲಿ ಸ್ಪ್ರಿಂಗುಗಳಲ್ಲಿ ಒಂದನ್ನೂ ಬದಲಾಯಿಸಬೇಕಾಗಲಿಲ್ಲ.

ತೊಳೆಯುವ ಕ್ರಮ ಹೇಳುತ್ತೇನೆ. ಮಿಲ್ಸ್ ಯಂತ್ರದ ಒಳಗಿನ ಭಾಗ ಹಿಂದಿನಿಂದ ಇಡಿಯಾಗಿ ಜಾರಿ ಹೊರಗೆ ಬರುತ್ತದೆ. ಹ್ಯಾಂಡಲ್ ಮಾತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಮೊದಲು ಒಳಗಿನ ನಾಣ್ಯಗಳನ್ನು ತೆಗೆಯಿರಿ. ದೊಡ್ಡ ಸ್ಪ್ರಿಂಗ್ ಬಿಗಿದ ಸ್ಥಿತಿಯಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಬಿಟ್ಟುಕೊಂಡರೆ ಬೆರಳು ಮುರಿಯುವಷ್ಟು ಬಲ ಅದಕ್ಕಿದೆ. ಪ್ರತಿ ಭಾಗ ಬಿಚ್ಚುವ ಮುಂಚೆ ಎರಡು ಕಡೆಯಿಂದ ಫೋಟೋ. ಸ್ಪ್ರಿಂಗುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ನೋಡಲು ಒಂದೇ ಥರ ಇರುತ್ತವೆ, ಬಲ ಬೇರೆ ಬೇರೆ.

ರೀಲುಗಳನ್ನು ತೊಟ್ಟಿಗೆ ಹಾಕುವಂತಿಲ್ಲ. ಅವುಗಳ ಮೇಲಿನ ಚಿತ್ರಗಳು ಕಾಗದದ ಪಟ್ಟಿಗಳು. ಒದ್ದೆಯಾದರೆ ಹೋದವು. ಮೆತ್ತನೆಯ ಒಣ ಬ್ರಷ್ ಸಾಕು. ಕಾಗದ ಓದುವ ಹಾಗಿದ್ದರೆ, ಹಳದಿಯಾಗಿದ್ದರೂ, ಹಾಗೇ ಇರಲಿ ಅನ್ನುತ್ತೇನೆ. ತೀರಾ ಹರಿದಿದ್ದರೆ ಹೊಸ ಪಟ್ಟಿ ಸಿಗುತ್ತದೆ. ಆದರೆ ಚಿತ್ರಗಳ ಕ್ರಮ ಆ ರೀಲಿನ ಬಿಲ್ಲೆಯ ತೂತುಗಳಿಗೆ ಸರಿಯಾಗಿ ಹೊಂದಬೇಕು. ಇಲ್ಲದಿದ್ದರೆ ಕಣ್ಣಿಗೆ ಕಿತ್ತಳೆ ಕಾಣುತ್ತದೆ, ಯಂತ್ರ ಅದನ್ನು ಗಂಟೆಯ ಚಿತ್ರ ಅಂದುಕೊಂಡು ದುಡ್ಡು ಕೊಡುತ್ತದೆ.

ಉಳಿದ ಲೋಹದ ಭಾಗಗಳಿಗೆ ಮಿನರಲ್ ಸ್ಪಿರಿಟ್ (ಪೇಂಟ್ ತೆಳುವಾಗಿಸಲು ಬಳಸುವ ದ್ರಾವಣ), ಗಾಳಿಯಾಡುವ ಜಾಗ, ಹತ್ತಿರದಲ್ಲಿ ಬೆಂಕಿ ಇಲ್ಲದ ಜಾಗ. ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಗಾಳಿಯ ಪೈಪಿನಿಂದ ಪ್ರತಿ ಕೀಲನ್ನೂ ಒಣಗಿಸಿ. ನೀರಿನಲ್ಲಿ ತೊಳೆದರೆ ಉಕ್ಕಿನ ಭಾಗಗಳು ನೋಡುನೋಡುತ್ತ ತುಕ್ಕು ಹಿಡಿಯುತ್ತವೆ. ಹಿತ್ತಾಳೆ ಸ್ಪ್ರಿಂಗುಗಳಿಗೆ ಅಮೋನಿಯಾ ಇರುವ ಕ್ಲೀನರ್ ಬೇಡ, ಬಿರುಕು ಬಿಡಬಹುದು. ಓವನ್ ತೊಳೆಯುವ ಕ್ಷಾರದ ದ್ರಾವಣ ಅಲ್ಯೂಮಿನಿಯಂ ಹತ್ತಿರವೂ ಸುಳಿಯಬಾರದು, ಮೇಲ್ಮೈಯನ್ನೇ ತಿಂದುಬಿಡುತ್ತದೆ.

ಎಣ್ಣೆ ಹಾಕುವುದರಲ್ಲಿ ನನ್ನ ಗಡಿಯಾರದ ಅಂಗಡಿಯ ಪಾಠವೇ ಇಲ್ಲಿಗೂ ಸಾಕು. ತಿರುಗುವ ಕೀಲಿಗೆ ಸೂಜಿಮೊನೆಯಷ್ಟು. ದೊಡ್ಡ ಬಲ ಬೀಳುವ ಕಡೆ ತೆಳ್ಳಗೆ ಗ್ರೀಸ್. ನಾಣ್ಯ ಹರಿಯುವ ದಾರಿಗೆ, ಜಾರುಪಟ್ಟಿಗಳಿಗೆ ಏನೂ ಬೇಡ. ನಾಣ್ಯದ ಜೊತೆ ಬರುವ ಕೊಳೆ ಎಣ್ಣೆ ಕಂಡಲ್ಲಿ ಕಚ್ಚಿಕೊಳ್ಳುತ್ತದೆ.

ಗಡಿಯಾರವನ್ನು ಮಾತ್ರ ಬೇರೆಯಾಗಿ ಬಿಚ್ಚಿ, ನಿಧಾನವಾಗಿ ತೊಳೆಯುತ್ತೇನೆ. ಇಡೀ ಯಂತ್ರದ ನಡಿಗೆ ಅದರ ಕೈಯಲ್ಲಿದೆ. ಅದು ಅವಸರ ಮಾಡಿದರೆ ರೀಲುಗಳಿಗೆ ಸುತ್ತಲು ಹೊತ್ತಿಲ್ಲ. ತಡ ಮಾಡಿದರೆ ರೀಲು ಸೋತು ನಿಲ್ಲುವ ಹೊತ್ತಿಗೆ ಸನ್ನೆ ಬೀಳುತ್ತದೆ. ಚೆನ್ನಾಗಿ ತೊಳೆದ ಗಡಿಯಾರ ಎಷ್ಟು ಸಮನಾಗಿ ನಡೆಯುತ್ತದೆ ಅನ್ನುವುದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. 1940ರ ದಶಕದ ಕೊನೆಯಲ್ಲಿ ನೆವಾಡಾದ ಕ್ಯಾಸಿನೋಗಳಲ್ಲಿ ಕೆಲವು ಆಟಗಾರರು ಇದೇ ಸಮನಾದ ನಡಿಗೆಯನ್ನು ಲೆಕ್ಕ ಹಾಕಿಕೊಂಡರು. ಹ್ಯಾಂಡಲ್ ಎಳೆಯುವ ತಾಳ ಹಿಡಿದು ಬೇಕಾದ ಚಿತ್ರ ಬರಿಸಿಕೊಳ್ಳುವುದನ್ನು ಕಲಿತರು. ಕ್ಯಾಸಿನೋಗಳಿಗೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಗಡಿಯಾರದ ಓಟವನ್ನು ಬೇಕೆಂತಲೇ ಏರುಪೇರು ಮಾಡುವ ಒಂದು ಭಾಗವನ್ನು ಜೋಡಿಸಬೇಕಾಯಿತು. ಆ ಕಾಲದ ಯಂತ್ರ ಬಂದರೆ ಈ ಜೋಡಣೆ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಅದರ ಏರುಪೇರನ್ನು ದೋಷ ಅಂದುಕೊಂಡು ತಿದ್ದಲು ಹೋಗಬೇಡಿ.

ಕೊಳೆ ಹೋದ ಮೇಲೆ ಇನ್ನೊಂದು ಲಾಭ ಇದೆ. ಮುಚ್ಚಿಹೋಗಿದ್ದ ಸತ್ಯ ಹೊರಗೆ ಬರುತ್ತದೆ. ಅದೇ ವಾರ್ ಈಗಲ್‌ನ ಮೂರನೇ ರೀಲಿನ ನಕ್ಷತ್ರ ಚಕ್ರದಲ್ಲಿ, ಬಾರ್ ಅನ್ನುವ ಪಟ್ಟಿಯ ಚಿತ್ರದ ಕಚ್ಚಿಗೆ ಸಣ್ಣ ಲೋಹದ ತುಂಡೊಂದನ್ನು ಸಿಕ್ಕಿಸಿದ್ದರು. ಕಸುಬಿನವರು ಇದನ್ನು ಬಗ್ ಅನ್ನುತ್ತಾರೆ. ಸನ್ನೆ ಆ ಕಚ್ಚಿನಲ್ಲಿ ಬೀಳಲಾರದೆ ಮುಂದಿನದಕ್ಕೆ ಜಾರುತ್ತದೆ. ಮೂರು ಬಾರ್ ಬಂದರೆ ಜಾಕ್‌ಪಾಟ್, ಆದರೆ ಮೂರನೇ ಬಾರ್ ಬರುವುದೇ ಇಲ್ಲ. ಗಾಜಿನ ಹಿಂದೆ ಜಾಕ್‌ಪಾಟ್ ನಾಣ್ಯ ತುಂಬಿಟ್ಟು, ಅದು ಎಂದೂ ಬೀಳದ ಹಾಗೆ ಮಾಡಿದ್ದರು. ಅದರ ಮುಂದೆ ನಿಂತು ಆಡಿದ ಜನರನ್ನು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು. ಬಗ್ ಅನ್ನು ಹಾಗೇ ಬಿಡಬೇಕು, ಅದೂ ಇತಿಹಾಸ ಅನ್ನುವವರಿದ್ದಾರೆ. ತೆಗೆದು, ಫೋಟೋ ಜೊತೆ ಲಕೋಟೆಯಲ್ಲಿಟ್ಟು ಪೆಟ್ಟಿಗೆಯೊಳಗೇ ಇಡುವುದು ಸರಿ ಅಂತ ನನ್ನ ಅಭಿಪ್ರಾಯ. ಯಂತ್ರ ನ್ಯಾಯವಾಗಿ ಆಡುತ್ತದೆ, ಸಾಕ್ಷಿಯೂ ಉಳಿಯುತ್ತದೆ. ಗಿರಾಕಿಯೂ ಅದಕ್ಕೇ ಒಪ್ಪಿದರು.

ಹೊರಗಿನ ಭಾಗದಲ್ಲಿ ಇನ್ನೂ ಜಾಸ್ತಿ ತಾಳ್ಮೆ ಬೇಕು. ಎರಕದ ಅಲ್ಯೂಮಿನಿಯಂ ಮುಖವನ್ನು ಕನ್ನಡಿ ಥರ ಹೊಳೆಸಿ ಕೊಡಿ ಅಂತ ಬಹಳ ಜನ ಕೇಳುತ್ತಾರೆ. ಮಷೀನ್ ಬಫಿಂಗ್ ಕೊಟ್ಟರೆ ಹದ್ದಿನ ಗರಿಗಳ ಅಂಚು ಸವೆದು ಮೊಂಡಾಗುತ್ತದೆ. ಹೋದ ಗರಿ ಮತ್ತೆ ಬರುವುದಿಲ್ಲ. ಅಸಲಿ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮೆತ್ತಗೆ ಒರೆಸಿ ಮೇಣ ಹಚ್ಚಿ ಬಿಡೋಣ ಅಂತ ಒತ್ತಾಯ ಮಾಡುತ್ತೇನೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದು 1978ರಲ್ಲಿ. ಹಾಗಾಗಿ ಒಣ ಮರಳುಕಾಗದದಿಂದ ಉಜ್ಜುವುದು ಬೇಡವೇ ಬೇಡ. ಓಕ್ ಮರಕ್ಕೆ ಆಲ್ಕೋಹಾಲ್ ಇರುವ ಸ್ಪಿರಿಟ್ ತಾಗಿಸಬೇಡಿ. ಮೇಲಿನ ಹಳೇ ಮೆರುಗು ಅರಗಿನದಾಗಿದ್ದರೆ ಕರಗಿ ಹೋಗುತ್ತದೆ. ಬೀಗದ ಕೈ ಇಲ್ಲ ಅಂತ ಡ್ರಿಲ್ ಹಾಕುವುದೂ ತಪ್ಪು. ಬೀಗದ ಕೆಲಸ ಗೊತ್ತಿರುವವರು ಅದನ್ನು ಹಾಳುಮಾಡದೆ ತೆಗೆಯುತ್ತಾರೆ.

ಇಷ್ಟು ಜೋಪಾನ ಯಾಕೆ ಅಂದರೆ, ಉಳಿದಿರುವವು ಕಡಿಮೆ. 1934ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ ಸುತ್ತಿಗೆ ಹಿಡಿದು ಇಂಥ ಯಂತ್ರಗಳನ್ನು ಒಡೆದು ನೀರಿಗೆ ಹಾಕಿಸಿದರು. 1951ರ ಜಾನ್ಸನ್ ಕಾಯ್ದೆ ರಾಜ್ಯದಿಂದ ರಾಜ್ಯಕ್ಕೆ ಇವುಗಳ ಸಾಗಾಟಕ್ಕೆ ಕಡಿವಾಣ ಹಾಕಿತು. ಮನೆಯಲ್ಲಿ ಇಟ್ಟುಕೊಳ್ಳುವ ಕಾನೂನು ಈಗಲೂ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 25 ವರ್ಷ ದಾಟಿದ ಯಂತ್ರವನ್ನು, ಅದರಲ್ಲಿ ಜೂಜಾಡದಿದ್ದರೆ, ಇಟ್ಟುಕೊಳ್ಳಬಹುದು. ಕೊಳ್ಳುವ ಮುಂಚೆ ನಿಮ್ಮ ರಾಜ್ಯದ ಕಾನೂನು ವಿಚಾರಿಸಿಕೊಳ್ಳಿ.

ವಾಪಸ್ ಕೊಡುವ ಮುಂಚೆ ನಾಣ್ಯ ಹಾಕಿ ಹಾಕಿ ಆಡಿಸುತ್ತೇವೆ. ಪ್ರತಿ ಬಹುಮಾನವನ್ನೂ ಕೈಯಿಂದ ರೀಲು ಕೂರಿಸಿ ಬರಿಸಿ, ಬಿದ್ದ ನಾಣ್ಯವನ್ನು ಮುಂಭಾಗದ ಪಟ್ಟಿಯ ಜೊತೆ ತಾಳೆ ನೋಡುತ್ತೇವೆ. ಸೊಟ್ಟಗಾದ ನಾಣ್ಯ ಒಂದೇ ಸಾಕು ಯಂತ್ರ ಸಿಕ್ಕಿಕೊಳ್ಳಲು. ಹಾಗಾಗಿ ಗಿರಾಕಿಗೆ ಆರಿಸಿದ ನಾಣ್ಯಗಳನ್ನೇ ಕೊಟ್ಟು ಕಳಿಸುತ್ತೇವೆ. ಜೊತೆಗೆ ಒಂದು ಚೀಟಿ. ಒಳಗೆ ಯಾವ ಸ್ಪ್ರೇಯೂ ಹೊಡೆಯಬೇಡಿ. ಹ್ಯಾಂಡಲ್ ಎಳೆಯಲು ಶುರು ಮಾಡಿದರೆ ಕೊನೆ ತನಕ ಎಳೆಯಿರಿ. ಸಿಕ್ಕಿಕೊಂಡರೆ ಬಲ ಹಾಕದೆ, ಹಿಂದಿನ ಬಾಗಿಲು ತೆಗೆದು ನಾಣ್ಯ ಎಲ್ಲಿ ನಿಂತಿದೆ ನೋಡಿ, ಆಮೇಲೆ ನಮಗೆ ಫೋನ್ ಮಾಡಿ.