ಸ್ವೀಡನ್ನಿನ ಬುಧವಾರ, ಬಸವನಗುಡಿಯ ಶನಿವಾರ

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರ ಹಳೆಯ ಹೆಂಚಿನ ಮನೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾವು ಏಳು ಜನ ಸೇರುತ್ತೇವೆ. ಮನೆಯವರು ಮುಂದಿನ ಎರಡು ಕೋಣೆಗಳನ್ನು ಬಡಾವಣೆಯ ಹಳೆಯ ವಸ್ತುಗಳಿಗೆಂದು ಬಿಟ್ಟುಕೊಟ್ಟಿದ್ದಾರೆ. ಬೀಸುವ ಕಲ್ಲು, ಈಳಿಗೆ ಮಣೆ, ಕಡಗೋಲು, ಶಾವಿಗೆ ಒರಳು, ತಾಮ್ರದ ಹಂಡೆ, ಮರದ ಕೊಳಗ ಹೀಗೆ ಇನ್ನೂರಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಫ್ಲಾಟಿಗೆ ಹೋಗುವವರು ಗುಜರಿಗೆ ಹಾಕಲು ಮನಸ್ಸು ಬಾರದೆ ತಂದುಕೊಟ್ಟವೇ ಅವುಗಳಲ್ಲಿ ಹೆಚ್ಚು.

ಹಳೆಯ ವಸ್ತುಗಳಿಗೆ ಸಂಖ್ಯೆ ಹಾಕಿ, ಅವುಗಳ ವಿವರ ಬರೆದು ಕಾಪಾಡುವ ಈ ಕೆಲಸವನ್ನು ನಾನು ಕಲಿತದ್ದು ಮಾತ್ರ ಇಲ್ಲಿ ಅಲ್ಲ. ಮಗಳ ಬಾಣಂತನಕ್ಕೆಂದು ಸ್ವೀಡನ್ನಿನ ಡಾಲರ್ನಾ ಪ್ರಾಂತ್ಯಕ್ಕೆ ಹೋಗಿ ಒಂದು ಬೇಸಿಗೆ ಪೂರ್ತಿ ಅಲ್ಲಿದ್ದೆ. ಅವಳಿದ್ದ ಊರಿನ ಅಂಚಿನಲ್ಲಿ, ದಿಮ್ಮಿಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿದ ನಾಲ್ಕೈದು ಮರದ ಮನೆಗಳ ಗುಂಪೊಂದಿತ್ತು. ಅಂಥ ತಾಣಕ್ಕೆ ಅವರು ಹೆಂಬಿಗ್ಡ್ಸ್‌ಗೋರ್ಡ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹುಟ್ಟಿದ ಸೀಮೆಯ ಮನೆ. ಆ ದೇಶದಲ್ಲಿ ಇಂಥವುಗಳನ್ನು ನೋಡಿಕೊಳ್ಳುವ ಊರಿನ ಸಂಘಗಳು ಸುಮಾರು 2000 ಇದ್ದು, ಅವೆಲ್ಲ 1916ರಲ್ಲಿ ಹುಟ್ಟಿದ ಒಂದು ಒಕ್ಕೂಟದ ಅಡಿಯಲ್ಲಿವೆ. ಅದಕ್ಕೂ ಮೊದಲು ಆರ್ಟುರ್ ಹಸೇಲಿಯಸ್ ಎಂಬಾತ ಹಳ್ಳಿಯ ಉಡುಗೆಗಳೂ ಉಪಕರಣಗಳೂ ಕಣ್ಣೆದುರೇ ಮರೆಯಾಗುತ್ತಿರುವುದನ್ನು ಕಂಡು 1873ರಲ್ಲಿ ಸ್ಟಾಕ್‌ಹೋಮಿನಲ್ಲಿ ಒಂದು ಸಂಗ್ರಹ ತೆರೆದ. ಬಳಿಕ 1891ರಲ್ಲಿ ದೇಶದ ಬೇರೆ ಬೇರೆ ಕಡೆಯ ಮನೆಗಳನ್ನೇ ಬಿಚ್ಚಿ ತಂದು ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಕಟ್ಟಿದ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ತಂದು ನಿಲ್ಲಿಸಿದ್ದನ್ನು, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟಿದ್ದನ್ನು ನೋಡಿದವರಿಗೆ ಆ ಹಂಬಲ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ಹೆಸರುಗಳಲ್ಲ, ಬುಧವಾರದ ಕೆಲಸ. ನಿವೃತ್ತರಾದ ಹತ್ತು ಹನ್ನೆರಡು ಗಂಡಸರು ಹೆಂಗಸರು ಆ ದಿನ ಬರುತ್ತಿದ್ದರು. ಒಬ್ಬರು ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ಯುವರು, ಇನ್ನೊಬ್ಬರು ಮಾಡಿನ ಸೋರಿಕೆ ನೋಡುವರು, ಮತ್ತೊಬ್ಬರು ಬಣ್ಣ ಕುದಿಸುವರು. ಆ ಮನೆಗಳ ಕೆಂಪು ಬಣ್ಣ ಫಾಲೂನ್ ಎಂಬಲ್ಲಿನ ತಾಮ್ರದ ಗಣಿಯ ಮಣ್ಣಿನದು. ಗಣಿಗಾರಿಕೆ 1992ರಲ್ಲೇ ನಿಂತಿದ್ದರೂ ಅಲ್ಲಿನ ಹಳೆಯ ರಾಶಿಗಳಿಂದ ಬಣ್ಣ ಮಾತ್ರ ಇಂದಿಗೂ ತಯಾರಾಗುತ್ತಿದೆ. ನೀರಿಗೆ ರೈ ಎಂಬ ಧಾನ್ಯದ ಹಿಟ್ಟು ಹಾಕಿ ನಾವು ಅಂಬಲಿ ಕಾಯಿಸುವಂತೆಯೇ ಗಂಟಾಗದ ಹಾಗೆ ಕೈಯಾಡಿಸಿ, ಆ ಮಣ್ಣನ್ನೂ ಅಗಸೆ ಎಣ್ಣೆಯನ್ನೂ ಬೆರೆಸುತ್ತಾರೆ. ಈ ಬಣ್ಣ ಮರದ ಮೇಲೆ ಪದರ ಕಟ್ಟಿ ಕೂರದೆ ಒಳಗಿನ ತೇವ ಹೊರಗೆ ಹೋಗಲು ಬಿಡುವುದರಿಂದ ಗೋಡೆ ಬೇಗ ಕೊಳೆಯುವುದಿಲ್ಲ ಎಂದು ತಿಳಿದಾಗ, ನಮ್ಮ ಹಳ್ಳಿಯ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಿ ಕೆಡಿಸಿಕೊಂಡದ್ದು ನೆನಪಾಗಿ ಸಂಕಟವಾಯಿತು.

ನನಗೆ ಕೊಟ್ಟದ್ದು ಸಂಖ್ಯೆ ಬರೆಯುವ ಕೆಲಸ. ವಸ್ತುವಿನ ಕಣ್ಣಿಗೆ ಬೀಳದ ಜಾಗದಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಮಾತ್ರ, ಪಾರದರ್ಶಕ ಮೆರುಗೆಣ್ಣೆ ಸವರಬೇಕು. ಅದು ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ಸಂಖ್ಯೆ ಬರೆದು ಮೇಲೊಂದು ಪದರ ಸವರಬೇಕು. ಮುಂದೆ ಯಾರಿಗಾದರೂ ಅದು ಬೇಡವೆನಿಸಿದರೆ ಅಸಿಟೋನಿನಲ್ಲಿ ಒರೆಸಿದರಾಯಿತು, ಮರಕ್ಕೆ ಕಲೆಯೂ ಉಳಿಯುವುದಿಲ್ಲ. ಬಟ್ಟೆಯಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ನಾಲ್ಕು ಸಡಿಲ ಹೊಲಿಗೆ ಹಾಕಬೇಕು. ಸಂಖ್ಯೆ ಬಿದ್ದ ಮೇಲೆ ಅದೇ ದಿನ ವಹಿಯಲ್ಲಿ ಕೊಟ್ಟವರು ಯಾರು, ಬಳಸಿದವರು ಯಾರು, ಅವರ ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ತುಂಬಬೇಕು. ಒಂದು ಮದುವೆಯ ಪೆಟ್ಟಿಗೆಯ ಮೇಲೆ ವರ್ಷದ ಜೊತೆ ಮೂರು ಅಕ್ಷರಗಳನ್ನು ಬರೆದಿದ್ದರು. ಮೊದಲನೆಯದು ಹುಡುಗಿಯ ಹೆಸರಿನದು, ಎರಡನೆಯದು ತಂದೆಯದು, ಕೊನೆಯ 'ಡಿ' ಎಂದರೆ ಡಾಟರ್, ಮಗಳು. ಹಬ್ಬಹರಿದಿನಗಳಲ್ಲಿ ನಾವು ಇಳಿಸುವ ಪಾತ್ರೆಗಳ ಮೇಲೂ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಸಿರುತ್ತದಲ್ಲವೇ? ಅವರಿಗೆ ಅದನ್ನು ವಿವರಿಸಿ ಹೇಳಿದಾಗ ಎಲ್ಲರೂ ಕಾಫಿ ಬಿಟ್ಟು ಕೇಳುತ್ತ ಕುಳಿತರು.

ಆ ಚುಕ್ಕೆ ಅಕ್ಷರಗಳ ಬೆಲೆ ನನಗೆ ನಿಜವಾಗಿ ತಿಳಿದದ್ದು ಇಲ್ಲಿಗೆ ಮರಳಿದ ಮೇಲೆ, ನನ್ನದೇ ತಪ್ಪಿನಿಂದ. ಮೊದಮೊದಲು ಬಂದ ಹಿತ್ತಾಳೆ ಚೊಂಬೊಂದನ್ನು ಮನೆಯ ರೂಢಿಯಂತೆ ಹುಣಸೆಹಣ್ಣು ಮತ್ತು ಉಪ್ಪು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದೆ. ತಲೆಮಾರುಗಳಿಂದ ತೊಳೆದು ಮೊದಲೇ ಸವೆದಿದ್ದ ಹೆಸರಿನ ಗುಣಿಗಳಲ್ಲಿ ಉಳಿದಿದ್ದ ಕಪ್ಪೂ ಹೋಯಿತು. ಕೊನೆಯ ಮೂರು ಅಕ್ಷರಗಳನ್ನು ಈಗ ಯಾರಿಂದಲೂ ಓದಲಾಗುತ್ತಿಲ್ಲ. ಅಂದಿನಿಂದ ಲೋಹದ ವಸ್ತುಗಳಿಗೆ ಮೃದುವಾದ ಬ್ರಷ್ ಮತ್ತು ಒಣ ಬಟ್ಟೆ ಬಿಟ್ಟರೆ ಬೇರೇನನ್ನೂ ತಾಗಿಸುವುದಿಲ್ಲ.

ಸ್ವೀಡನ್ನಿನ ಆ ಮನೆಗಳಿಗೆ ಚಳಿಗಾಲದಲ್ಲಿ ಬೀಗ ಹಾಕುತ್ತಾರೆ. ಬಿಸಿ ಮಾಡದ ಕೋಣೆಗಳ ಚಳಿಯೇ ಹುಳುಗಳನ್ನು ಹತೋಟಿಯಲ್ಲಿಡುತ್ತದೆ. ನಮಗೆ ಆ ಅನುಕೂಲ ಇಲ್ಲ. ಮಳೆ ಬಿದ್ದ ಮರುವಾರವೇ ಗೆದ್ದಲು, ಕಾಗದದಲ್ಲಿ ಬೆಳ್ಳಿಹುಳು. ಆದ್ದರಿಂದ ಶನಿವಾರದ ಮೊದಲ ಅರ್ಧ ಗಂಟೆ ಟಾರ್ಚು ಹಿಡಿದು ಮೂಲೆ ನೋಡುವುದಕ್ಕೇ ಮೀಸಲು. ಕಪಾಟುಗಳನ್ನೂ ಪೆಟ್ಟಿಗೆಗಳನ್ನೂ ಗೋಡೆಗೆ ಒರಗಿಸದೆ ಒಂದು ಗೇಣು ಬಿಟ್ಟು ಇಟ್ಟಿದ್ದೇವೆ. ಚಳ್ಳಕೆರೆಯ ಕಂಬಳಿಯೊಂದರಲ್ಲಿ ಹುಳು ಕಾಣಿಸಿದಾಗ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ನಮ್ಮ ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೂ ಚಳಿ ಪೂರ್ತಿ ಇಳಿಯುವವರೆಗೆ ಸುತ್ತಿದ್ದನ್ನು ಬಿಚ್ಚಲಿಲ್ಲ, ಇಲ್ಲವಾದರೆ ಉಣ್ಣೆಯ ಮೇಲೇ ನೀರು ಕೂರುತ್ತದೆ.

ಇಷ್ಟೆಲ್ಲ ಕಾಪಾಡಿಯೂ ವಹಿಯ ಸಾಲು ಖಾಲಿ ಇದ್ದರೆ ಉಳಿಯುವುದು ಬರಿಯ ಮರ, ಬರಿಯ ಲೋಹ. ಕಳೆದ ಕಾರ್ತಿಕದಲ್ಲಿ, ಕಡಲೆಕಾಯಿ ಪರಿಷೆಯ ಹಿಂದಿನ ಶನಿವಾರ, ಕಬ್ಬಿಣದ ಅಳತೆಯೊಂದಕ್ಕೆ ನಾನು 'ಪಾವು' ಎಂದು ಚೀಟಿ ಬರೆಯುತ್ತಿದ್ದೆ. ಎದುರು ಮನೆಯ ಅಜ್ಜಿ ಅದನ್ನು ಎತ್ತಿ ನೋಡಿ, "ಇದು ಪಾವಲ್ಲ ಕಣಮ್ಮ, ಅಚ್ಚೇರು. ಎರಡು ಪಾವು ಹಿಡಿಯುತ್ತೆ, ಬೇಕಾದ್ರೆ ಅಕ್ಕಿ ತಂದು ಅಳೆದು ನೋಡು" ಎಂದರು. ಅಳೆದೆವು, ಅವರು ಹೇಳಿದ್ದೇ ಸರಿ. ಅಂಗಡಿಯಲ್ಲಿ ಮೇಲೆ ಕೈಯಾಡಿಸಿ ಸಮ ಮಾಡಿ ಕೊಡುತ್ತಿದ್ದರಂತೆ. ಆದರೆ ಅವರ ಅತ್ತೆ ಕೂಲಿಯವರಿಗೆ ಕಾಳು ಅಳೆಯುವಾಗ ತುಳುಕುವಂತೆ ರಾಶಿ ತುಂಬಿ ಕೊಡುತ್ತಿದ್ದರು, ಸಮ ಮಾಡಿ ಕೊಟ್ಟರೆ ಮನೆಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಿದ್ದರು. 1956ರ ಕಾಯಿದೆಯ ನಂತರ ಕಿಲೋ, ಲೀಟರುಗಳು ಬಂದು ಸೇರು ಪಾವುಗಳು ಲೆಕ್ಕದ ಪುಸ್ತಕದಿಂದ ಹೊರಬಿದ್ದವು. ಪರಿಷೆಯಲ್ಲಿ ಮಾತ್ರ ಈಗಲೂ ಕಡಲೆಕಾಯಿಯನ್ನು ಸೇರಿನಲ್ಲಿ ಅಳೆದು ಕೊಡುವವರಿದ್ದಾರೆ. ಅಜ್ಜಿಯ ಮಾತನ್ನು ಅವರಾಡಿದ ಹಾಗೆಯೇ ವಹಿಯಲ್ಲಿ ಬರೆದುಕೊಂಡೆವು.

ಆ ದಿನದಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ: ಕೊಡುವವರ ಮನೆಗೆ ಹೋಗಿ, ವಸ್ತುವನ್ನು ಬಳಸಿದ ಹಿರಿಯರೊಡನೆ ಕುಳಿತು ಮಾತಾಡಿ ಬರೆದುಕೊಳ್ಳುವವರೆಗೆ ಅದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಕೆಲವರಿಗೆ ಇದರಿಂದ ಬೇಸರವಾಗಿದೆ, ಸಾಮಾನು ಬೇಗ ಸಾಗಿದರೆ ಸಾಕೆಂಬ ಅವಸರ ಅವರದು. ಈ ಮಂಗಳವಾರ ಹನುಮಂತನಗರದ ಒಂದು ಮನೆಗೆ ಶಾವಿಗೆ ಒರಳನ್ನು ನೋಡಲು ಹೋಗಬೇಕಾಗಿದೆ. ಅದನ್ನು ಒತ್ತುತ್ತಿದ್ದ ಅಮ್ಮನಿಗೆ ಈಗ ಕಣ್ಣು ಮಂಜಾಗಿದೆಯಂತೆ. ಮಧ್ಯಾಹ್ನದ ನಿದ್ದೆ ಮುಗಿಸಿ ನಾಲ್ಕು ಗಂಟೆಗೆ ಕೂರುತ್ತಾರೆ, ಆಗಲೇ ಬನ್ನಿ ಎಂದು ಸೊಸೆ ಫೋನಿನಲ್ಲಿ ತಿಳಿಸಿದ್ದಾರೆ.