ಹಗ್ಗದ ತುದಿಯ ರೊಟ್ಟಿ

ರೋಮ್ ನಗರದ ಪೂರ್ವಕ್ಕೆ, ಅನಿಯೆನೆ ನದಿಯ ಕಣಿವೆಯಲ್ಲಿ ಸುಬಿಯಾಕೊ ಎಂಬ ಊರಿದೆ. ಅದರ ಮೇಲಿನ ತಾಲೆಯೊ ಬೆಟ್ಟದಲ್ಲಿ, ಬಂಡೆಗೆ ಅಂಟಿಕೊಂಡೇ ನಿಂತ ಮಠವೊಂದು. ಬೆನೆಡಿಕ್ಟೀನ್ ಸನ್ಯಾಸಿಗಳ ಮೂಲಪುರುಷ ಸಂತ ಬೆನೆಡಿಕ್ಟರು ಎಳೆ ಹರೆಯದಲ್ಲಿ ರೋಮಿನ ಓದು ಬಿಟ್ಟು ಬಂದು ಮೂರು ವರ್ಷ ಒಬ್ಬರೇ ತಪಸ್ಸು ಮಾಡಿದ ಗವಿ ಅದರೊಳಗಿದೆ. ಕಳೆದ ತಪಸ್ಸುಕಾಲದಲ್ಲಿ, ಪಾಸ್ಖ (ಈಸ್ಟರ್) ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ, ಅಲ್ಲಿ ಮೊಣಕಾಲೂರುವ ಭಾಗ್ಯ ನನಗೆ ದೊರೆಯಿತು. ದೇವರಿಗೆ ಸ್ತೋತ್ರ.

ಮುಳ್ಳಿನ ಪೊದೆ, ಶಿಲುಬೆ ಗುರುತಿಗೆ ಒಡೆದುಹೋದ ವಿಷದ ಪಾತ್ರೆ, ವಿಷದ ರೊಟ್ಟಿಯನ್ನು ಕಚ್ಚಿಕೊಂಡು ಹಾರಿದ ಕಾಗೆ, ಇವೆಲ್ಲ ಬೆನೆಡಿಕ್ಟರ ಬಗ್ಗೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಕಥೆಗಳೇ. ಕೆಳಗಿನ ಗುಡಿಯ ಗೋಡೆಯ ಮೇಲೆ 13ನೇ ಶತಮಾನದ ಕಲಾವಿದ ಕೊನ್ಸೊಲುಸ್ ಬರೆದ ಚಿತ್ರಗಳ ಮುಂದೆ ನಿಂತಾಗ ನನ್ನ ಕಣ್ಣು ಬೆನೆಡಿಕ್ಟರ ಮೇಲೆ ನಿಲ್ಲಲೇ ಇಲ್ಲ. ಬಂಡೆಯ ಮೇಲಿನಿಂದ ಹಗ್ಗ ಇಳಿಬಿಡುತ್ತಿದ್ದ ರೊಮಾನುಸರನ್ನು ನೋಡುತ್ತಾ ಉಳಿದುಬಿಟ್ಟೆ.

ರೊಮಾನುಸರು ಹತ್ತಿರದ ಮಠದ ಒಬ್ಬ ಸನ್ಯಾಸಿ. ಗವಿಯಲ್ಲಿ ಹುಡುಗನೊಬ್ಬ ಇದ್ದಾನೆಂಬುದು ಅವರೊಬ್ಬರಿಗೇ ಗೊತ್ತು. ಮಠದಿಂದ ಗವಿಗೆ ದಾರಿಯಿರಲಿಲ್ಲ. ತಮ್ಮ ಪಾಲಿನ ರೊಟ್ಟಿಯಲ್ಲೇ ಉಳಿಸಿ, ಉದ್ದನೆಯ ಹಗ್ಗಕ್ಕೆ ಕಟ್ಟಿ ಕೆಳಗಿಳಿಸುತ್ತಿದ್ದರು. ರೊಟ್ಟಿ ಬಂತೆಂದು ತಿಳಿಯಲು ಹಗ್ಗಕ್ಕೊಂದು ಪುಟ್ಟ ಗಂಟೆ. ಸೈತಾನ ಕಲ್ಲೆಸೆದು ಆ ಗಂಟೆ ಒಡೆದ. ರೊಮಾನುಸರು ಸೇವೆ ನಿಲ್ಲಿಸಲಿಲ್ಲ. ಸಂತ ಗ್ರೆಗೊರಿ ಪೋಪರು ಹೀಗೆ ಬರೆದಿಟ್ಟಿದ್ದಾರೆ.

ನನಗೆ ಅಜ್ಜಿ ನೆನಪಾದಳು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ನಮ್ಮ ಅಡುಗೆಮನೆಯಲ್ಲಿ ಒಂದು ಮಣ್ಣಿನ ಕುಡಿಕೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು, ಶಿಲುಬೆ ಗುರುತು ಮಾಡಿ ಕುಡಿಕೆಗೆ ಸುರಿಯುತ್ತಿದ್ದಳು. ಮೊದಲ ದಿನಗಳಲ್ಲಿ ಮಣ್ಣಿನ ತಳಕ್ಕೆ ಕಾಳು ಬಡಿಯುವ ಸದ್ದು ಜೋರು. ಕುಡಿಕೆ ತುಂಬುತ್ತಾ ಬಂದಂತೆ ಸದ್ದು ಮೆತ್ತಗಾಗಿ, ಕೊನೆಗೆ ಕೇಳುತ್ತಲೇ ಇರಲಿಲ್ಲ. ಸದ್ದು ನಿಂತರೆ ಹಬ್ಬ ಹತ್ತಿರ ಬಂತೆಂದು ನಾವು ಮಕ್ಕಳು ಲೆಕ್ಕ ಹಾಕುತ್ತಿದ್ದೆವು. ಒಮ್ಮೆ ನಾನು ಮೂಟೆಯಿಂದ ಎರಡು ಹಿಡಿ ತಂದು ಹಾಕಲು ಹೋದೆ. ಕೈ ಹಿಡಿದಳು. “ಅಳೆದ ಅಕ್ಕಿಯಿಂದಲೇ ತೆಗೀಬೇಕು ಮಗ. ನಮ್ಮ ತಟ್ಟೇಲಿ ಒಂದು ತುತ್ತು ಕಮ್ಮಿ ಆಗ್ಬೇಕು.”

ಈಗ ತಪಸ್ಸುಕಾಲದ ಕಾಣಿಕೆಗೆ ಲಕೋಟೆ ಬಂದಿದೆ. ಒಂದು ನೋಟು ಹಾಕಿ ಅಂಟಿಸಿದರೆ ಮುಗಿಯಿತು. ತಟ್ಟೆಯಲ್ಲಿ ಏನೂ ಕಮ್ಮಿಯಾಗುವುದಿಲ್ಲ. ಶುಕ್ರವಾರ ಮಾಂಸ ಬಿಟ್ಟು ಅದಕ್ಕಿಂತ ರುಚಿಯಾದದ್ದನ್ನೇ ಮಾಡಿಕೊಳ್ಳುತ್ತೇವೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಉಪವಾಸದಲ್ಲಿ ಉಳಿದದ್ದು ಇನ್ನೊಬ್ಬರ ಹೊಟ್ಟೆ ಸೇರಬೇಕೆಂಬ ಪಾಠವನ್ನು ಮಕ್ಕಳು ಯಾರ ಮನೆಯಲ್ಲಿ ಕಲಿಯಬೇಕು?

ಆ ರೊಟ್ಟಿಯಿಂದ ಎಷ್ಟೊಂದು ಬೆಳೆಯಿತು! ಬೆನೆಡಿಕ್ಟರು ಆ ಕಣಿವೆಯಲ್ಲೇ 12 ಮಠಗಳನ್ನು ಕಟ್ಟಿದರು, ಆಮೇಲೆ ಮೊಂತೆ ಕಸೀನೊಗೆ ಹೋದರು. ಸುಬಿಯಾಕೊದ ಗವಿಯಿಂದ ಕೆಳಗೆ ಅವರ ಸೋದರಿ ಸಂತ ಸ್ಕೊಲಾಸ್ಟಿಕಳ ಹೆಸರಿನ ಮಠ ಇಂದಿಗೂ ಇದೆ. ಇಟಲಿಯಲ್ಲಿ ಮೊದಲು ಅಚ್ಚಿನ ಪುಸ್ತಕಗಳು ಹೊರಬಂದದ್ದು, 1465ರ ಹೊತ್ತಿಗೆ, ಅಲ್ಲೇ. ಬೆನೆಡಿಕ್ಟರು ಬರೆದ 73 ಅಧ್ಯಾಯಗಳ ನಿಯಮಾವಳಿಯನ್ನು ನಮ್ಮ ಬೆಂಗಳೂರಿನ ಆಶೀರ್ವನಂ ಮಠದ ಸನ್ಯಾಸಿಗಳೂ ಪಾಲಿಸುತ್ತಾರೆ. ಅದರಲ್ಲಿ 31ನೇ ಅಧ್ಯಾಯ ಉಗ್ರಾಣ ನೋಡಿಕೊಳ್ಳುವವನದು. ಮಠದ ಪಾತ್ರೆ ಪಡಗಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎನ್ನುತ್ತದೆ. ಅಜ್ಜಿ ಆ ನಿಯಮಾವಳಿಯ ಹೆಸರನ್ನೂ ಕೇಳಿದವಳಲ್ಲ. ಕುಡಿಕೆಯನ್ನು ಮಾತ್ರ ಹಾಗೆಯೇ ಮುಟ್ಟುತ್ತಿದ್ದಳು.

ಬೆನೆಡಿಕ್ಟರು ಇನ್ನೂ ಗವಿಯಲ್ಲಿದ್ದಾಗ, ಕೊನೆಗೊಂದು ಪಾಸ್ಖ ಹಬ್ಬದ ದಿನ ದೂರದ ಗುರುವೊಬ್ಬರಿಗೆ ದೇವರ ದರ್ಶನವಾಯಿತು: ನೀನಿಲ್ಲಿ ಹಬ್ಬದೂಟ ಮಾಡಿಕೊಳ್ಳುತ್ತಿರುವೆ, ನನ್ನ ಸೇವಕ ಹಸಿದಿದ್ದಾನೆ. ಅವರು ಮಾಡಿದ ಅಡುಗೆ ಹೊತ್ತು, ಬೆಟ್ಟ ಕಣಿವೆ ಹುಡುಕಿ ಗವಿ ಕಂಡರು. ಇಂದು ಪಾಸ್ಖ ಎಂದು ಗುರುಗಳು ಹೇಳಿದಾಗ ಬೆನೆಡಿಕ್ಟರು, ನಿಮ್ಮನ್ನು ಕಂಡೆನಲ್ಲ, ಹಬ್ಬವೇ ಸರಿ ಎಂದರಂತೆ.

ನಮ್ಮ ಧರ್ಮಕೇಂದ್ರದಲ್ಲಿ ಹಿಡಿ ಅಕ್ಕಿ ಮತ್ತೆ ಶುರುವಾಗಲಿ ಎಂದು ಗುರುಗಳಲ್ಲಿ ಕೇಳಿಕೊಂಡಿದ್ದೇನೆ. ಮನೆಯಲ್ಲಿ ಅಪ್ಪಣೆಗೆ ಕಾಯಲಿಲ್ಲ. ಕುಡಿಕೆ ತಂದಿದ್ದೇನೆ, ಅಕ್ಕಿ ಅಳೆಯುವಾಗ ಹಿಡಿ ತೆಗೆಯುವ ಕೆಲಸ ಈಗ ಮೊಮ್ಮಗಳದು.